ಕಂದು ಗೆರೆಗಳು

ಕಲ್ಮೇಶ ಹೆಂಡತಿಯ ಹಣೆಗೆ ವಿಭೂತಿ ಎಳೆಯುತ್ತಿದ್ದಾಗಲೇ ಶಿವಬಸಪ್ಪಕಾಕಾ ಬಗ್ಗಿ ಅವನ ಕಿವಿಯಲ್ಲಿ ಹೇಳಿದರು: "ಸೋನಾಲಿ ಒಲ್ಲೆ ಅಂತಾಳಪಾ. ಪಾರ್ಕಿಂಗ್ ಲಾಟಿನ್ಯಾಗ ಕಾರಿನೊಳಗ ಕುಂತಾಳ."

ವಿಭೂತಿಯ ಕೈ ಹಣೆಯ ಮೇಲೇ ನಿಂತಿತು. ಸಿದ್ದೇಶ್ವರಿ ಬದುಕಿನಲ್ಲಿ ಬೇಡಿದ್ದೇ ಕಡಿಮೆ. ಸಾಯುವ ಮುಂಚೆ ಬೇಡಿದ್ದು ಒಂದೇ: ಕೊರಳಿನ ಇಷ್ಟಲಿಂಗವನ್ನು ತನ್ನ ಎಡ ಅಂಗೈಯಲ್ಲಿ ಮಗಳು ಸೋನಾಲಿಯೇ ಇಡಬೇಕು. ಊರಿನಲ್ಲಾಗಿದ್ದರೆ ಕೂಡಿಸಿ ಮಣ್ಣು ಮಾಡುತ್ತಿದ್ದರು. ಅಮೆರಿಕದ ಈ ಫೋರ್ಟ್ ಮಿಲ್‌ನ ಸ್ಮಶಾನದವರು ಪೆಟ್ಟಿಗೆಯಲ್ಲಿ ಮಲಗಿಸಲೇಬೇಕೆಂದರು. ಅದಕ್ಕೂ ಹೂಂ ಅಂದದ್ದಾಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಮುಚ್ಚಳ ಹಾಕುತ್ತಾರೆ. ಇದೊಂದಾದರೂ ಅವಳು ಹೇಳಿದಂತೆ ನಡೆಯದಿದ್ದರೆ ತಾನು ಇನ್ನು ಆ ಮನೆಯಲ್ಲಿ ಹೇಗೆ ಇರುವುದು ಎಂದು ಕಲ್ಮೇಶನಿಗೆ ಕಳವಳವಾಯಿತು.

ಬಾಗಿಲ ಬಳಿ ಪಕ್ಕದ ಮನೆಯ ಮೈಥಿಲಿ ಹೇಳುತ್ತಿದ್ದಳು: "ನಂಗೆ ಡ್ರೈವಿಂಗ್ ಕಲಿಸಿದ್ದೇ ಸಿದ್ದಕ್ಕ. ಎಷ್ಟು ಧೈರ್ಯವಾಗಿ ಪಕ್ಕದಲ್ಲಿ ಕೂತಿರೋರು. ಅವರಿಗೇ ಲೈಸೆನ್ಸ್ ಬಂದು ಒಂದು ತಿಂಗಳೂ ಆಗಿರ್ಲಿಲ್ಲ ಅಂತ ಆಮೇಲೆ ಗೊತ್ತಾಯ್ತು."

ಕೇಳಿದವರು ಅಳುತ್ತಲೇ ನಕ್ಕರು. ಕಲ್ಮೇಶ ಅವರನ್ನು ದಾಟಿ ಹೊರಗೆ ಬಂದ.

ಸೋನಾಲಿ ಕಾರಿನ ಗಾಜು ಇಳಿಸಿದಳು. ಕಾಲೇಜಿನಲ್ಲಿ ಬಯಾಲಜಿ ಓದುವ ಹುಡುಗಿ, ಕಣ್ಣುಗಳು ಊದಿಕೊಂಡಿದ್ದವು.

"ನಾನು ಮುಟ್ಟಲ್ಲ ಪಪ್ಪಾ. ನಿಮ್ಮ ಕಿಡ್ನಿ ಮಮ್ಮಿಗೆ ಯಾಕೆ ರಿಜೆಕ್ಟ್ ಆಯ್ತು, ನಂಗೆ ಗೊತ್ತು. ಕ್ಲಾಸಲ್ಲಿ ಓದಿದೆ. ನಾನು ಹುಟ್ಟಿದೆ, ಅದಕ್ಕೆ. ಇಟ್ ವಾಸ್ ಮಿ."

ಕಲ್ಮೇಶನ ಕೈ ತಾನಾಗಿಯೇ ಪಕ್ಕೆಯ ಹೊಲಿಗೆಯ ಗುರುತಿಗೆ ಹೋಯಿತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ, ಮಗಳಿಗೆ ಇದು ತಿಳಿಯುವುದೇ ಇಲ್ಲವೆಂದು ಗಂಡಹೆಂಡತಿ ಇಬ್ಬರೂ ನಂಬಿಕೊಂಡಿದ್ದರು. ಹುಡುಗಿ ಎಷ್ಟು ದಿನದಿಂದ ಒಬ್ಬಳೇ ಇದನ್ನು ಹೊತ್ತು ತಿರುಗುತ್ತಿದ್ದಳೋ ಎಂದುಕೊಂಡ. ಪಕ್ಕದ ಸೀಟಿನಲ್ಲಿ ಕೂತ.

"ನೀ ಓದಿದ್ದು ಖರೇನ ಇರಲಿ. ಅವತ್ತ ನಿಮ್ಮವ್ವ ಏನಂದ್ಲು, ಅದನ್ನ ಕೇಳು."

*

ಅವನ ಕಿಡ್ನಿ ಅವಳ ಒಡಲಲ್ಲಿ ಎರಡು ವರ್ಷ ಹೊಂದಿಕೊಂಡೇ ಇತ್ತು. ಆಮೇಲೆ ರಕ್ತಪರೀಕ್ಷೆ ಕೆಟ್ಟಿತು. ಸೂಜಿ ಹಾಕಿ ಕಿಡ್ನಿಯ ಚೂರೊಂದನ್ನು ತೆಗೆದು ನೋಡಿದರು. ಶಾರ್ಲೆಟ್ ನಗರದ ಡಾಕ್ಟರು ಪರದೆಯ ಮೇಲೆ ಅದರ ಚಿತ್ರ ತೋರಿಸಿದರು. ನಸುನೀಲಿಯ ನಡುವೆ, ಕೂದಲಿಗಿಂತ ಸಣ್ಣ ರಕ್ತನಾಳಗಳ ಸುತ್ತ, ಕಂದು ಗೆರೆಗಳು. ಅದಕ್ಕೆ ಸಿ4ಡಿ ಅನ್ನುತ್ತಾರೆ, ಪ್ರತಿಕಾಯಗಳು ಬಂದು ದಾಳಿ ಮಾಡಿ ಹೋದ ಗುರುತು, ಎಂದರು. ಬಸಿರಿನಲ್ಲಿ ಮಗುವಿನ ಮೂಲಕ ಗಂಡನ ಅಂಶ ತಾಯಿಯ ಮೈಗೆ ಪರಿಚಯವಾಗುತ್ತದೆ. ಕೆಲವರಲ್ಲಿ ಮೈ ಅದನ್ನು ಹೊರಗಿನದೆಂದು ನೆನಪಿಟ್ಟುಕೊಳ್ಳುತ್ತದೆ. ಮೊದಲಿನ ಪರೀಕ್ಷೆಗಳಿಗೆ ಸಿಗದೆ ಮಲಗಿದ್ದ ಆ ನೆನಪು ಈಗ ಎದ್ದಿತ್ತು.

ಸಿದ್ದೇಶ್ವರಿ ಗಂಡನ ಕಡೆ ತಿರುಗಿದಳು. "ಗಂಡಾ ಹೆಂಡ್ತಿ ಜಗಳ ಉಂಡು ಮಲಗೂತನಕಾ ಅಂತಾರ. ನಮ್ಮದು ಹೊಟ್ಟಿಯೊಳಗೂ ನಡದೈತಿ ನೋಡ್ರಿ."

ಆಮೇಲೆ ಶಾಲೆಯ ಕೆಫೆಟೀರಿಯಾದಲ್ಲಿ ಕೆಲಸ ಮಾಡುತ್ತ ಕಲಿತ ಇಂಗ್ಲಿಷಿನಲ್ಲಿ ಡಾಕ್ಟರಿಗೆ ಒಂದೇ ಪ್ರಶ್ನೆ ಕೇಳಿದಳು: ಹಾಗಾದರೆ ಮಗಳದು ಏನಾದರೂ ಇನ್ನೂ ನನ್ನೊಳಗೆ ಇದೆಯೇ? ಇರಬಹುದು, ಎಂದರು ಅವರು. ಹೊಟ್ಟೆಯಲ್ಲಿದ್ದ ಮಗುವಿನ ಜೀವಕೋಶ ಒಂದಿಷ್ಟು ತಾಯಿಯಲ್ಲಿ ಎಷ್ಟೋ ವರ್ಷ ಉಳಿದುಬಿಡುವುದುಂಟು.

*

"ಮನಿ ಮುಟ್ಟೂತನಕಾ ಅದ ಮಾತು," ಎಂದ ಕಲ್ಮೇಶ. "ಕಿಡ್ನಿ ಹೋತು ಅಂತ ನಾ ಅಳಾಕತ್ತಿದ್ದೆ. ಅಕಿ ನಗಾಕತ್ತಿದ್ಲು. 'ಸೋನಿ ಮುಂದಿನ ವರ್ಷ ಕಾಲೇಜಿಗೆ ಹೊಕ್ಕಾಳ, ಮನಿ ಬಿಕೋ ಅಂತೈತಿ ಅಂತ ಹೆದರಿದ್ದೆ. ಅಕಿ ಎಲ್ಲಿಗೆ ಹೋದ್ರೂ ಒಂದೀಟು ನನ್ನೊಳಗ ಇದ್ದ ಇರ್ತಾಳ' ಅಂದ್ಲು."

"ಸಿಟ್ಟು ಮಾಡ್ಲಿಲ್ವಾ?"

"ಮಾಡಿದ್ಲು, ನನ್ನ ಮ್ಯಾಲೆ. ಅಳಕೋತ ಕಾರ್ ಓಡಸ್ತೀನಿ ಅಂತ."

ಸೋನಾಲಿ ಮುಖ ಒರೆಸಿಕೊಂಡಳು. ಆಮೇಲೆ ಕಾರಿನ ಬಾಗಿಲು ತೆರೆದಳು.

ಒಳಗೆ, ಅಂತ್ಯಕ್ರಿಯೆ ನಡೆಸುವ ಫ್ಯೂನರಲ್ ಹೋಮಿನವನು ಮುಚ್ಚಳದ ಪಕ್ಕ ಕೈಕಟ್ಟಿ ನಿಂತಿದ್ದ. ಸೋನಾಲಿ ತಾಯಿಯ ಎಡ ಅಂಗೈ ಬಿಡಿಸಿ ಲಿಂಗವನ್ನಿಟ್ಟಳು. ಬೆರಳುಗಳು ಅದನ್ನು ಹಿಡಿದುಕೊಳ್ಳಲಿಲ್ಲ. ಅವಳು ತನ್ನ ಅಂಗೈಯನ್ನು ಮೇಲಿಟ್ಟು ಮುಚ್ಚಿ, ಹಾಗೇ ನಿಂತಳು.

"ಸಾಕವ್ವಾ," ಎಂದರು ಶಿವಬಸಪ್ಪಕಾಕಾ. ಅವಳು ಕೈ ತೆಗೆಯಲಿಲ್ಲ. ಮುಚ್ಚಳದವನೂ ಕಾದ.

ಕಡೆಗೆ ಅವಳು ಸರಿದಾಗ ಕಲ್ಮೇಶ ಬಗ್ಗಿ ಹೆಂಡತಿಯ ಅಂಗೈ ಮುಟ್ಟಿದ. ಬೆಚ್ಚಗಿತ್ತು.