ಗುರುತಿಸಿದವರು

ಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ ಕೊಂಬಿನ ದುಂಬಿಗಳನ್ನು ಸಾಕುವವಳಿಗೆ ಎಲ್ಲರೂ ಹುಳದಕ್ಕ ಎನ್ನುತ್ತಿದ್ದರು. ಅದರಿಂದ ಅವಳಿಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಚೀಟಿಗಳ ವಿಷಯದಲ್ಲಿ.

ಅಲ್ಲಿನ ಪ್ರತಿ ಪೆಟ್ಟಿಗೆಗೂ ಎರಡು ಬೆರಳಗಲದ ಒಂದು ಚೀಟಿ. ಯಾವ ಜೀವಿ, ಗಂಡೋ ಹೆಣ್ಣೋ, ಎಲ್ಲಿ ಸಿಕ್ಕಿತು; ಕೊನೆಯ ಸಾಲು, ‘ಗುರುತಿಸಿದವರು’. ಒಮ್ಮೆ ಹಾಕಿದ ಚೀಟಿಯನ್ನು ಯಾರೂ ಕೀಳುವಂತಿಲ್ಲ. ತಪ್ಪಿದ್ದರೆ ಅದರ ಕೆಳಗೇ ಇನ್ನೊಂದನ್ನು ಹಾಕಬೇಕು. ಹಳೆಯ ತಪ್ಪೂ ಹೊಸ ಸರಿಯೂ ಒಟ್ಟಿಗೇ ಕಾಣಬೇಕು. ಇದು ಗೊತ್ತಿದ್ದೂ ವಿಭಾಗದ ಮುಖ್ಯಸ್ಥ ಹೋದ ವರ್ಷ ಅವಳ ಹನ್ನೊಂದು ಚೀಟಿಗಳನ್ನು ಕೀಳಿಸಿ ತನ್ನ ಹೆಸರಿನವನ್ನು ಹಾಕಿಸಿದ್ದ. ಅವಳ ನಾಲ್ಕು ವರ್ಷಗಳ ಟಿಪ್ಪಣಿಗಳೂ ಅವನ ಹೆಸರಿನಲ್ಲೇ ಅಚ್ಚಾದವು. ಕೇಳಲು ಹೋದವಳಿಗೆ, “ಹುಳಕ್ಕೆ ಊಟ ಹಾಕೋ ಕೆಲಸಕ್ಕೆ ಕೈ ಇದ್ರೆ ಸಾಕು, ಬಾಯಿ ಬೇಡ,” ಎಂದಿದ್ದ.

ಅವತ್ತಿನಿಂದ ಅವಳ ಮನಸ್ಸಿನೊಳಗೆ ಅವನಿಗೆ ಬಹುವಚನವಿಲ್ಲ.

ಅದೇ ವಾರ, ವಾಸನೆ ತಡೆಯಲಾಗದು ಎಂದು, ಅವನು ಕೊಳೆತ ಮರದ ದಿಮ್ಮಿಗಳನ್ನೂ ಎಲೆಗೊಬ್ಬರದ ಚೀಲಗಳನ್ನೂ ಹೊರಗೆ ಹಾಕಿಸಿದ್ದ. ಕೊಂಬಿನ ದುಂಬಿಯ ಬಾಲ್ಯವೆಲ್ಲ ಅದರೊಳಗೇ. ಅಕ್ಕಿಕಾಳಿನಂಥ ಮೊಟ್ಟೆ ಅಲ್ಲಿಯೇ ಉಬ್ಬಿ ದುಂಡಗಾಗಿ ಒಡೆಯುತ್ತದೆ. ಗೊಣ್ಣೆಹುಳು ಕೊಳೆತ ಮರವನ್ನು ತಿಂದು, ಎರಡು ಸಲ ಪೊರೆ ಕಳಚಿ, ಹೆಬ್ಬೆರಳಿನಷ್ಟು ದಪ್ಪವಾಗಿ ಮುದುರಿಕೊಂಡು ಬಿದ್ದಿರುತ್ತದೆ. ಆಮೇಲೆ ತನಗೊಂದು ಗೂಡು ಕೊರೆದುಕೊಂಡು ಕೋಶವಾಗುತ್ತದೆ. ಕೆಲವು ವಾರಗಳಲ್ಲಿ ಕರಿಗಂದು ಬಣ್ಣದ ದುಂಬಿ. ರೆಕ್ಕೆ ಬಂದ ಮೇಲೆ ಅದು ಕೂದಲೆಳೆಯಷ್ಟೂ ಬೆಳೆಯುವುದಿಲ್ಲ. ಗೊಣ್ಣೆಹುಳುವಾಗಿದ್ದಾಗ ಉಂಡದ್ದೆಷ್ಟೋ ಕೊಂಬೂ ಅಷ್ಟೇ. ಹಸಿದುಕೊಂಡೇ ಬೆಳೆದ ಆ ವರ್ಷದ ಗಂಡುಗಳ ಹಣೆಯ ಮೇಲೆ ಹೆಣ್ಣಿಗಿರುವಂಥದೇ ಗಿಡ್ಡ ಮೊಳಕೆಯಿತ್ತು.

ಈ ವರ್ಷ ಮುಖ್ಯಸ್ಥ ಬಂದು, “ನಾಡಿದ್ದು ಪ್ರದರ್ಶನದ ಉದ್ಘಾಟನೆ. ಜೀವಂತ ಜೋಡಿ ಬೇಕು,” ಎಂದ. ಅವಳು ಹೆಣ್ಣಿನ ಡಬ್ಬಿಗೆ ಕೈಹಾಕಿದಳು.

“ನಾನೇ ಆರಿಸ್ತೀನಿ.” ಉದ್ದ ಕೊಂಬಿನದೊಂದು, ಗಿಡ್ಡ ಕೊಂಬಿನದೊಂದು ಎತ್ತಿಟ್ಟ. “ಇವನು ಗಂಡ, ಇವಳು ಹೆಂಡ್ತಿ. ಬರಿ ಚೀಟಿ.”

“ಸಾರ್, ತಿರುಗಿಸಿ ಒಂದ್ಸಲ ಬಾಲದ ಕಡೆ...”

“ಬಾಯಿ ಬೇಡ ಅಂದಿದ್ದೆನಲ್ಲ?”

ಅವಳು ಬಾಯಿ ಮುಚ್ಚಿದಳು. ಹೆಣ್ಣಾಗಿದ್ದರೆ ಬಾಲದ ತುದಿಯಲ್ಲಿ ಕೆಂಚು ಕೂದಲ ಕುಚ್ಚು ಇರುತ್ತದೆ. ಗಿಡ್ಡ ಕೊಂಬಿನದರ ತುದಿ ನುಣ್ಣಗೆ ಮಿನುಗುತ್ತಿತ್ತು. ತನ್ನ ಅತಿ ದುಂಡನೆಯ ಅಕ್ಷರದಲ್ಲಿ ‘ಹೆಣ್ಣು’ ಎಂದು ಬರೆದಳು. ಕೊನೆಯ ಸಾಲಿನಲ್ಲಿ ಅವನ ಹೆಸರು, ಒತ್ತಕ್ಷರವೂ ತಪ್ಪದಂತೆ.

ಪೆಟ್ಟಿಗೆ ತಂದ ಬಡಗಿ ಬಗ್ಗಿ ನೋಡಿದ. “ಅಕ್ಕಾ, ಇವೆರಡೂ ಗಂಡಲ್ವಾ?”

“ನಿಂಗೂ ಗೊತ್ತಾಯ್ತಾ?”

“ಎಂಟು ವರ್ಷದಿಂದ ನಿನ್ನ ಪಾಠ ಕೇಳ್ತಿದೀನಿ. ಈ ಮೇಜೂ ಕಲಿತಿರುತ್ತೆ.”

“ಹಾಗಾದ್ರೆ ಗಾಜು ಚೆನ್ನಾಗಿ ಒರೆಸು. ಎಲ್ರಿಗೂ ಕಾಣ್ಲಿ.”

ಹೇಳಿದ್ದೇನೋ ಹೇಳಿದಳು. ಉದ್ಘಾಟನೆಯ ಬೆಳಿಗ್ಗೆ ಮಾತ್ರ ಮೂರು ಸಲ ಪೆಟ್ಟಿಗೆಯ ಬಳಿ ಹೋಗಿ ಬಂದಳು. ಎರಡು ಗಂಡು ಒಂದೆಡೆ ಸೇರಿದರೆ ಕಾದಾಟ ತಪ್ಪಿದ್ದಲ್ಲ; ಚಿಕ್ಕದಕ್ಕೆ ಅಡಗಲು ತೊಗಟೆಯ ಚೂರೊಂದನ್ನು ಇಟ್ಟಳು. ಸೇಡು ಅವಳದು, ಪೆಟ್ಟು ಅದಕ್ಕೆ. ಆ ಲೆಕ್ಕ ಅವಳಿಗೆ ಸರಿಹೋಗಲಿಲ್ಲ. ಆದರೂ ಅದನ್ನು ಹೊರಗೆ ತೆಗೆಯಲಿಲ್ಲ.

ಗಾಜಿನ ಮುಂದೆ ನಿರ್ದೇಶಕರು, ಇಪ್ಪತ್ತು ಜನ ಅತಿಥಿಗಳು, ಎಲ್ಲರಿಗಿಂತ ಮುಂದೆ ಕೋಲೂರಿಕೊಂಡ ನಿವೃತ್ತ ಟೀಚರಮ್ಮ. “ದಾಂಪತ್ಯ ಅಂದ್ರೆ ಇದು, ನೋಡಿ,” ಎಂದು ಮುಖ್ಯಸ್ಥ ಶುರುಮಾಡಿದ. ಅಷ್ಟರಲ್ಲಿ ದೊಡ್ಡದು ಹಣ್ಣಿನ ಚೂರಿನತ್ತ ಬಂದು, ಚಿಕ್ಕದರ ಹೊಟ್ಟೆಯಡಿಗೆ ಕೊಂಬು ತೂರಿಸಿ ಒಂದು ಕಡೆಗೆ ದೂಡಿತು.

“ಏನಪ್ಪಾ, ಹೆಂಡತೀನ ಹೀಗಾ ತಳ್ಳೋದು?” ಎಂದರು ಟೀಚರಮ್ಮ.

“ಅದು ಅವುಗಳ ಸರಸ, ಅಮ್ಮ.”

ದೊಡ್ಡದು ಇನ್ನೊಮ್ಮೆ ನುಗ್ಗಿತು. ಚಿಕ್ಕದು ಅಂಗಾತ ಬಿತ್ತು. ನುಣ್ಣನೆಯ ಬಾಲದ ತುದಿ ಗಾಜಿಗೆ ತಗುಲಿಕೊಂಡಿತ್ತು.

“ಸರಸ ಅಲ್ಲಮ್ಮ,” ಎಂದಳು ಹುಳದಕ್ಕ. “ಅದು ಹೆಂಡತಿಯಲ್ಲ, ದೊಡ್ಡದರ ತಮ್ಮ. ಹೆಣ್ಣಿಗೆ ಅಲ್ಲಿ ಕೂದಲಿರುತ್ತೆ. ಐದು ವರ್ಷದ ಹಿಂದೆ ನಾನು ಬರೆದಿಟ್ಟ ಮೊದಲನೇ ಟಿಪ್ಪಣಿಯೇ ಅದು. ಅಚ್ಚು ಹಾಕಿಸಿದವರು ಓದಿಲ್ಲ ಅಂತ ಕಾಣುತ್ತೆ.”

ಯಾರೋ ಕಿಸಕ್ಕೆಂದರು. ನಿರ್ದೇಶಕರು ಬಗ್ಗಿ ಚೀಟಿಯ ಕೊನೆಯ ಸಾಲನ್ನು ಓದಿದರು. ಮುಖ್ಯಸ್ಥ ಅವಳ ಪಕ್ಕಕ್ಕೆ ಸರಿದು, “ಯಾಕೆ ಮೊದಲೇ ಹೇಳ್ಲಿಲ್ಲ?” ಎಂದು ಹಲ್ಲು ಕಚ್ಚಿದ.

“ಬಾಯಿ ಬೇಡ ಅಂದಿದ್ರಲ್ಲ ಸಾರ್.”

“ಆಯ್ತು, ನನ್ನ ಚೀಟಿ ಕಿತ್ತುಬಿಡು. ನಿನ್ನ ಹೆಸರೇ ಹಾಕ್ಕೋ.”

ಒಂದು ವರ್ಷದಿಂದ ಅವಳು ಕಾದಿದ್ದ ಮಾತು ಅದು. “ಕೀಳೋ ಹಾಗಿಲ್ಲ ಸಾರ್, ನಿಯಮ,” ಎಂದಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. ಎರಡು ದಿನದಿಂದ ಕೈಚೀಲದಲ್ಲೇ ಇದ್ದ ಚೀಟಿಯನ್ನು ತೆಗೆದು, ಅವನದರ ಕೆಳಗೆ ಅಂಟಿಸಿದಳು. ‘ಗಂಡು. ಗುರುತಿಸಿದವರು,’ ಮುಂದೆ ಅವಳ ಹೆಸರು, ಇನಿಷಿಯಲ್ ಸಮೇತ.

ಆಮೇಲೆ ಮುಚ್ಚಳ ತೆಗೆದು ಚಿಕ್ಕದನ್ನು ಅಂಗೈಗೆ ಎತ್ತಿಕೊಂಡಳು. ಮುಂದಿನ ಒಂದು ಕಾಲು ಜೋತುಬಿದ್ದಿತ್ತು. ಅವಳ ಕಣ್ಣು ಅಲ್ಲಿಂದ ಕದಲಲಿಲ್ಲ.

“ಪಾಪ, ಇದರ ಕೊಂಬು ಯಾಕಮ್ಮಾ ಇಷ್ಟು ಗಿಡ್ಡ?” ಟೀಚರಮ್ಮ ಕೇಳಿದರು.

“ಮರಿಯಾಗಿದ್ದಾಗ ಊಟ ಕಿತ್ಕೊಂಡ್ರಮ್ಮ.”

“ಯಾರು?”

ಅವಳು ಇನ್ನೊಂದು ಕೈಯಲ್ಲಿ ಸೆರಗಿನ ತುದಿ ಹಿಡಿದು, ಮೇಲಿನ ಚೀಟಿಯ ಕೊನೆಯ ಸಾಲಿನಲ್ಲಿದ್ದ ಮುಖ್ಯಸ್ಥನ ಹೆಸರಿನ ಮೇಲೆ ಕೂತಿದ್ದ ಧೂಳನ್ನು ನಿಧಾನವಾಗಿ ಒರೆಸಿದಳು.