ಮಗುಚಿಟ್ಟ ಸೈಕಲ್

ನಮ್ಮಪ್ಪನ ಶಾಪಿನಲ್ಲಿ ಯಾವ ಸೈಕಲ್ಲೂ ನೆಟ್ಟಗೆ ನಿಂತದ್ದನ್ನು ನಾನು ನೋಡಿಲ್ಲ. ರಿಪೇರಿಗೆ ಯಾವುದೇ ಬರಲಿ, ಮೊದಲು ಅದನ್ನು ಎತ್ತಿ ಮಗುಚಬೇಕು. ಸೀಟು ಮತ್ತು ಹ್ಯಾಂಡಲ್ ನೆಲಕ್ಕೆ ಊರಿ, ಚಕ್ರಗಳು ಮೇಲಕ್ಕೆ ಬಂದ ಮೇಲೆಯೇ ಅಪ್ಪನ ಕೈ ಓಡುವುದು. ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ನಿಂತ ಮೇಲೆ ಭದ್ರಾವತಿಯ ನ್ಯೂ ಟೌನ್‌ನಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಶುರು ಮಾಡಿದ ಶಾಪ್ ಅದು. ಅಪ್ಪನ ಹೆಸರು ಚೌಡಯ್ಯ. ಕೋಪ ಮೂಗಿನ ತುದಿಯಲ್ಲಿ, ತನ್ನ ಕೆಲಸದ ಬಗ್ಗೆ ಎಲ್ಲಿಲ್ಲದ ಹೆಮ್ಮೆ. ನಾನು ಅವನ ಹಿರಿಯ ಮಗಳು ಸಮತಾ, ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಕೋಪದಲ್ಲಿ ನಾನು ಅಪ್ಪನ ಮಗಳೇ ಎಂದು ಅಮ್ಮ ಬೈಯುತ್ತಿರುತ್ತಾಳೆ. ಸುಳ್ಳೇನಲ್ಲ.

ತಂಗಿ ಕವನ ಹಾಗಲ್ಲ. ಅವಳಿಗೆ ಕೋಪವೆಂದರೇನೆಂದೇ ಗೊತ್ತಿಲ್ಲ. ಗೊತ್ತಿರುವುದು ಸೈಕಲ್ ಒಂದೇ. ಗುಡ್ಡದ ಕಲ್ಲು ಮಣ್ಣಿನ ದಾರಿಯಲ್ಲಿ ಓಡಿಸುವ ಮೌಂಟನ್ ಬೈಕ್ ರೇಸಿನಲ್ಲಿ ಜಿಲ್ಲೆಯಲ್ಲಿ ಅವಳಿಗೆ ಸಾಟಿಯಾದ ಹುಡುಗಿ ಇರಲಿಲ್ಲ. ಶಿವಮೊಗ್ಗದ ಒಂದು ಸೈಕ್ಲಿಂಗ್ ಕ್ಲಬ್ಬಿನ ಕೋಚ್ ಶಿವಪ್ರಸಾದ್ ಸಾರ್ ಅವಳನ್ನು ಕಾಲೇಜಿನ ಮೈದಾನದಲ್ಲಿ ಕಂಡು, ಕ್ಲಬ್ಬಿನದೇ ಒಂದು ಸೈಕಲ್ ಕೈಗೆ ಕೊಟ್ಟಿದ್ದರು. ರಾಜ್ಯ ಟೀಮಿಗೆ ಹೆಸರು ಕಳಿಸುವ ಮೊದಲು ಶಂಕರಘಟ್ಟದ ಆಚೆಯ ಗುಡ್ಡದಲ್ಲಿ ಒಂದು ಟ್ರಯಲ್ ಇತ್ತು. ಅದಕ್ಕೆಂದು ಸಾರ್ ಮುಂದಿನ ಚಕ್ರಕ್ಕೆ ಹೊಸ ಟೈರ್ ಕೊಟ್ಟು, ಕ್ಲಬ್ಬಿನಲ್ಲೇ ಹಾಕಿಸಿಕೋ ಎಂದಿದ್ದರಂತೆ.

ಅಪ್ಪನಿಗೆ ಆ ಮಾತು ಕೇಳಿಯೇ ಉರಿದುಹೋಯಿತು.

"ಏನಮ್ಮಾ, ಚೌಡಯ್ಯನ ಮಗಳ ಸೈಕಲ್ಲಿಗೆ ಬೇರೆಯವ್ರು ಟೈರ್ ಹಾಕ್ಬೇಕಾ? ನಾಳೆಯಿಂದ ನಾನು ಶಾಪ್ ಬಾಗಿಲು ಹಾಕ್ಕೊಂಡು ಕೂತ್ಕೊಳ್ಳೋದೇ ವಾಸಿ."

"ಹಾಗಲ್ಲಪ್ಪ, ಈ ಟೈರಿಗೆ ಉಲ್ಟಾ ಸೀದಾ ಇದೆ. ಪಕ್ಕದಲ್ಲಿ ಬಾಣದ ಗುರುತು ಇರತ್ತೆ, ಚಕ್ರ ತಿರುಗೋ ಕಡೆಗೇ ಇರ್ಬೇಕು" ಎಂದಳು ಕವನ.

"ಬಾಣ ಮುಂದಕ್ಕಿರ್ಬೇಕು ತಾನೇ? ನಂಗೂ ಕಣ್ಣಿದೆ ಮಾರಾಯ್ತಿ."

ನಾನು ಅಲ್ಲೇ ಇದ್ದೆ. ಅಪ್ಪ ಎಂದಿನಂತೆ ಸೈಕಲ್ಲನ್ನು ಮಗುಚಿದ. ಟೈರ್ ಕೂರಿಸಿದ, ಗಾಳಿ ತುಂಬಿದ, ಚಕ್ರವನ್ನು ಜಾಗಕ್ಕೆ ಸೇರಿಸಿದ. ಕೊನೆಗೆ ಮೇಲೆ ಕಾಣುತ್ತಿದ್ದ ಬಾಣವನ್ನು ಬೆರಳಿಟ್ಟು ತೋರಿಸಿದ. ಅದು ಸೈಕಲ್ಲಿನ ಮುಂಭಾಗಕ್ಕೇ ಮುಖ ಮಾಡಿತ್ತು. ಕವನ ನೋಡಿ ತಲೆಯಾಡಿಸಿದಳು. ನನಗೂ ಸರಿಯಾಗೇ ಕಂಡಿತು.

ತಪ್ಪಾಗಿದ್ದು ಅಲ್ಲೇ. ಸೈಕಲ್ ಮಗುಚಿದಾಗ ಮೇಲೆ ಕಾಣುವುದು ಚಕ್ರದ ತಲೆಯಲ್ಲ, ನೆಲಕ್ಕೆ ತಾಗುವ ಪಾದ. ಸೈಕಲ್ ಮುಂದಕ್ಕೆ ಹೋಗುವಾಗ ಚಕ್ರದ ಮೇಲ್ಭಾಗ ಮುಂದಕ್ಕೆ ತಿರುಗುತ್ತದೆ, ನೆಲದ ಕಡೆಯ ಭಾಗ ಹಿಂದಕ್ಕೆ. ಮಗುಚಿಟ್ಟಾಗ ಮುಂದೆ ನೋಡುತ್ತಿದ್ದ ಬಾಣ, ಸೈಕಲ್ ನೆಟ್ಟಗಾದ ಕೂಡಲೇ ಉಲ್ಟಾ ಆಯಿತು. ಅಪ್ಪ ಜೀವಮಾನವಿಡೀ ಹಾಕಿದ್ದು ಎತ್ತ ಹಾಕಿದರೂ ಓಡುವ ಕರಿ ಸೈಕಲ್ಲಿನ ಟೈರ್. ಈ ಲೆಕ್ಕ ಅವನಿಗೆ ಯಾವತ್ತೂ ಬೇಕಾಗಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆಯೇ ಕ್ಲಬ್ಬಿನ ವ್ಯಾನು ಬಂದು ಅವಳನ್ನೂ ಸೈಕಲ್ಲನ್ನೂ ಹತ್ತಿಸಿಕೊಂಡು ಹೋಯಿತು. ಸಣ್ಣಗೆ ಜಡಿಮಳೆ ಹಿಡಿದಿತ್ತು. ಮಧ್ಯಾಹ್ನ ಅಮ್ಮನ ಫೋನಿಗೆ ಕರೆ ಬಂತು. ಗುಡ್ಡದ ಇಳಿಜಾರಿನ ತಿರುವಿನಲ್ಲಿ ಕವನ ಬಿದ್ದಿದ್ದಳು. ಹಿಂದೆ ಬರುತ್ತಿದ್ದ ಮೋನಿಕಾ ಎಂಬ ಹುಡುಗಿ ಅವಳ ಸೈಕಲ್ಲಿಗೆ ಬಡಿದು ಹಾರಿ ಬಂಡೆಯ ಮೇಲೆ ಬಿದ್ದಿದ್ದಳು. ಕವನಳ ಮುಂಗೈ ಮುರಿದಿತ್ತು. ಮೋನಿಕಾಳ ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಮೊದಲಿನ ಹಾಗೆ ನಡೆಯುತ್ತಾಳೋ ಇಲ್ಲವೋ ಈಗಲೇ ಹೇಳುವುದಕ್ಕಾಗದು ಎಂದರು ಡಾಕ್ಟರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಮೋನಿಕಾಳ ಅಪ್ಪ ನಮ್ಮನ್ನು ಬಾಯಿಗೆ ಬಂದ ಹಾಗೆ ಬೈದರು. ಯಾರಿಗೇ ಆಗಲಿ ಉತ್ತರ ಕೊಡದೆ ಬಿಡುವವಳಲ್ಲ ನಾನು. ಆದರೆ ಒಳಗೆ ಆ ಹುಡುಗಿ ಕೂಗಿಕೊಳ್ಳುವುದು ಕೇಳುತ್ತಿತ್ತು. ಶಿವಪ್ರಸಾದ್ ಸಾರ್ ಮುಖ ಗಂಟಿಕ್ಕಿಕೊಂಡು ನಿಂತಿದ್ದರು.

"ಆ ತಿರುವಲ್ಲಿ ಮುಂದಿನ ಬ್ರೇಕ್ ಜೋರಾಗಿ ಹಿಡೀಬೇಡಿ ಅಂತ ಬಡ್ಕೊಂಡಿದ್ದೆ. ಒಬ್ಬಳು ಗಾಬರಿ ಬಿದ್ದಿದ್ದಕ್ಕೆ ಇನ್ನೊಬ್ಬಳ ಕಾಲು ಹೋಯ್ತು. ಇಂಥವಳನ್ನ ಟೀಮಲ್ಲಿ ಹೇಗಮ್ಮಾ ಇಟ್ಕೊಳ್ಳಲಿ?"

"ನಾನು ಮೆಲ್ಲಗೇ ಹಿಡಿದಿದ್ದು ಸಾರ್. ಚಕ್ರ ತಾನಾಗೇ ಜಾರ್ತು" ಎಂದಳು ಕವನ, ಪಕ್ಕದ ಸ್ಟ್ರೆಚರಿನ ಮೇಲೆ ಮಲಗಿದ್ದಲ್ಲಿಂದಲೇ.

ಸಾರ್ ಅವಳ ಕಡೆ ತಿರುಗಿದರು. ಕೆಟ್ಟ ಮನುಷ್ಯರಲ್ಲ ಅವರು. "ಕೈ ನೋವು ಸ್ವಲ್ಪ ಕಡಿಮೆ ಆದ್ಮೇಲೆ ಸೈಕಲ್ ತಗೊಂಡು ಕ್ಲಬ್ಬಿಗೆ ಬನ್ನಿ, ನಾನೇ ಕೂತು ನೋಡ್ತೀನಿ. ಸೈಕಲ್ಲಲ್ಲೇನಾದ್ರೂ ತಪ್ಪಿದ್ರೆ ಇವಳ ಜಾಗ ಇವಳಿಗೇ, ಕೈ ಕೂಡೋವರೆಗೂ ಕಾಯ್ತೀನಿ. ಇಲ್ಲಾಂದ್ರೆ ಇಲ್ಲಿಗೆ ಮುಗೀತು."

ಅವರು ಹೋದ ಮೇಲೆ ಕವನ ನನ್ನನ್ನೂ ಅಪ್ಪನನ್ನೂ ಹತ್ತಿರ ಕರೆದಳು. ಬಿದ್ದಾಗ ಮುಂದಿನ ಚಕ್ರ ಅವಳ ಮುಖದ ಎದುರಿಗೇ ಇತ್ತಂತೆ. ಟೈರಿನ ಹಲ್ಲುಗಳು ಹಿಂದುಮುಂದಾಗಿದ್ದವು. ಒದ್ದೆ ಮಣ್ಣಿನಲ್ಲಿ ಬ್ರೇಕ್ ಹಿಡಿದಾಗ ಕಚ್ಚಿ ನಿಲ್ಲಬೇಕಾದ ಕಡೆ ಹಿಂದಾಗಿ, ಜಾರುವ ಕಡೆ ಮುಂದಾಗಿತ್ತು.

"ಅಪ್ಪಾ, ಟೈರ್ ಉಲ್ಟಾ ಆಗಿತ್ತು. ಸಾರ್ ಎದುರಿಗೆ ಹೇಳೋಕೆ ಮನಸ್ಸು ಬರ್ಲಿಲ್ಲ. ನಾನೂ ನೋಡ್ದೆ ತಾನೇ, ನಂಗೂ ಗೊತ್ತಾಗ್ಲಿಲ್ಲ. ನೀನು ಬೇಜಾರು ಮಾಡ್ಕೋಬೇಡ. ಸೈಕಲ್ ಹೆಂಗಿದೆಯೋ ಹಂಗೇ ಸಾರಿಗೆ ತೋರ್ಸಿಬಿಡು, ಸಾಕು."

ಅಪ್ಪ ಅವಳ ತಲೆ ಸವರಿ, "ಆಯ್ತಮ್ಮ" ಎಂದ. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅಯ್ಯೋ ಪಾಪ ಅನ್ನಿಸಿತು ನನಗೆ.

ಕವನಳನ್ನು ಮನೆಗೆ ಕರೆತಂದೆವು. ವ್ಯಾನಿನವರು ಸೈಕಲ್ಲನ್ನು ಆಗಲೇ ಶಾಪಿನಲ್ಲಿ ಇಳಿಸಿ ಹೋಗಿದ್ದರು. ನಾನು ಅಂಗಡಿಗೆ ರಜೆ ಹಾಕಿದ್ದೆ. ಒಂದು ಮಧ್ಯಾಹ್ನ ಅಪ್ಪನಿಗೆ ಊಟ ತೆಗೆದುಕೊಂಡು ಹೋದರೆ ಶೆಡ್ಡಿನ ಬಾಗಿಲು ಮುಂದಕ್ಕೆ ಎಳೆದಿತ್ತು. ತಳ್ಳಿದೆ. ಕ್ಲಬ್ಬಿನ ಸೈಕಲ್ ತೊಳೆದು ಫಳಫಳ ಹೊಳೆಯುತ್ತಿತ್ತು. ಮುಂದಿನ ಚಕ್ರ ಅಪ್ಪನ ಮಡಿಲಲ್ಲಿತ್ತು. ರಿಮ್ಮಿನಿಂದ ಟೈರ್ ಪೂರ್ತಿ ಕಳಚಿ, ಬಗಲು ಬದಲಾಯಿಸಿ ಮತ್ತೆ ಕೂರಿಸುತ್ತಿದ್ದ.

"ಏನ್ ಮಾಡ್ತಿದೀಯಪ್ಪಾ?"

ಅಪ್ಪ ತಲೆ ಎತ್ತಲಿಲ್ಲ. ಲಿವರ್ ಹಾಕಿ ಟೈರಿನ ಅಂಚನ್ನು ಒಳಗೆ ತಳ್ಳುತ್ತಲೇ ಇದ್ದ.

"ನೀನು ಹಿಂಗೆ ಮಾಡಿದ್ರೆ ಅವಳ ಕಥೆ ಏನು? ಅವಳ ಕಡೆ ಹೇಳೋಕೆ ಇರೋದು ಆ ಟೈರ್ ಒಂದೇ! ಬುದ್ಧಿ ಇದೆಯಾ ನಿಂಗೆ?" ಅಪ್ಪನಿಗೆ ಹಾಗೆ ಅಂದದ್ದು ಅದೇ ಮೊದಲು.

"ಅಲ್ಲಿ ಒಂದು ಹುಡುಗಿ ಕಾಲು ಮುರ್ಕೊಂಡು ಮಲಗಿದಾಳೆ ಸಮತಾ." ಅಪ್ಪನ ದನಿ ಎಲ್ಲೋ ಆಳದಿಂದ ಬಂದಂತಿತ್ತು. "ಅದನ್ನ ನಾನು ಮಾಡಿದ್ದು ಅಂತಾಗತ್ತೆ. ಹೆತ್ತ ಮಗಳನ್ನೂ ನಾನೇ ಬೀಳ್ಸಿದೆ ಅಂತಾಗತ್ತೆ. ನಾಳೆಯಿಂದ ಯಾವ ಮುಖ ಇಟ್ಕೊಂಡು ಈ ಶೆಡ್ಡಲ್ಲಿ ಕೂರ್ಲಿ? ಕವನಂಗೆ ವಯಸ್ಸಿದೆ, ಇನ್ನೊಂದು ಟೀಮ್ ಸಿಗತ್ತೆ. ನಂಗೆ ಇನ್ನೇನಿದೆ?"

"ನಾನು ಸಾರಿಗೆ ಹೇಳ್ತೀನಿ."

"ಹೇಳು" ಎಂದ ಅಪ್ಪ. ಆಮೇಲೆ ಆ ಸೈಕಲ್ಲನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ. ಬಗ್ಗಿ ಬಾಣವನ್ನು ನೋಡಿದ, ಸೈಕಲ್ಲನ್ನು ಸ್ವಲ್ಪ ಮುಂದಕ್ಕೆ ತಳ್ಳಿ ಚಕ್ರ ತಿರುಗುವ ಕಡೆಯನ್ನು ನೋಡಿದ, ಮತ್ತೆ ಬಾಣ ನೋಡಿದ. ಟೈರ್ ಸರಿಯಾಗಿ ಹಾಕುವುದನ್ನು ಅಪ್ಪ ಕಲಿತದ್ದು ಆಗ. ನನಗೆ ಅಳಬೇಕೋ ಅವನ ಕೈಯಿಂದ ಅದನ್ನು ಕಿತ್ತು ಬೀದಿಗೆ ಎಸೆಯಬೇಕೋ ತಿಳಿಯಲಿಲ್ಲ. ಊಟದ ಡಬ್ಬಿ ಅಲ್ಲೇ ಇಟ್ಟು ಬಂದೆ.

ಮನೆಯಲ್ಲಿ ಕವನಳಿಗೆ ಹೇಳಲಿಲ್ಲ. ಹೇಳುವುದಾದರೆ ಸಾರ್ ಎದುರಿಗೇ, ಅಪ್ಪನ ಎದುರಿಗೇ ಹೇಳಬೇಕೆಂದು ಹಟ ಹಿಡಿದಿದ್ದೆ. ಮಾತನ್ನು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದೆ.

ಸೈಕಲ್ಲನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ಹೋದೆವು. ಕ್ಲಬ್ಬಿನ ಅಂಗಳದಲ್ಲಿ ಸಾರ್ ಅದನ್ನು ಸ್ಟ್ಯಾಂಡಿಗೆ ಏರಿಸಿ, ನೆಟ್ಟಗೆ ನಿಲ್ಲಿಸಿಕೊಂಡೇ ನೋಡತೊಡಗಿದರು. ಬ್ರೇಕ್ ಹಿಡಿದರು, ಬಿಟ್ಟರು. ಚಕ್ರ ತಿರುಗಿಸಿದರು. ಕೈಗೆ ಪ್ಲಾಸ್ಟರ್ ಹಾಕಿಕೊಂಡ ಕವನ ಪಕ್ಕದಲ್ಲೇ ನಿಂತಿದ್ದಳು, ಮುಖದಲ್ಲಿ ಗೆಲುವಿತ್ತು. ಈಗ ಟೈರ್ ನೋಡುತ್ತಾರೆ, ಈಗ ಎಲ್ಲ ಸರಿಹೋಗುತ್ತದೆ ಎಂಬ ಗೆಲುವು.

"ತೊಳೆದುಬಿಟ್ಟಿದೀರಲ್ಲ" ಎಂದರು ಸಾರ್.

"ಕೆಸರಾಗಿತ್ತು ಸಾರ್" ಎಂದ ಅಪ್ಪ.

ಸಾರ್ ಮುಂದಿನ ಟೈರಿನ ಪಕ್ಕವನ್ನು ಬೆರಳಿನಿಂದ ಸವರುತ್ತಾ ಬಾಣ ಹುಡುಕಿದರು. ಕವನಳೂ ಬಗ್ಗಿದಳು. ಬಾಣ ಸರಿಯಾದ ದಿಕ್ಕಿಗಿತ್ತು. ನನ್ನ ತಂಗಿಯ ಮುಖದಿಂದ ಗೆಲುವು ಇಳಿದುಹೋಗುವುದನ್ನು ನಾನು ಕಣ್ಣಾರೆ ಕಂಡೆ. ಅವಳು ಮೊದಲು ಟೈರ್ ನೋಡಿದಳು, ಆಮೇಲೆ ಅಪ್ಪನನ್ನು. ಅಪ್ಪ ನೆಲ ನೋಡುತ್ತಿದ್ದ.

"ಟೈರ್ ಕ್ಲಬ್ಬಲ್ಲಿ ಹಾಕಿಸ್ಲಿಲ್ಲ, ನೀವೇ ಹಾಕಿದ್ದು ಅಲ್ವಾ?" ಸಾರ್ ಅಪ್ಪನ ಕಡೆ ತಿರುಗಿದರು. "ಬಿದ್ದಾಗ್ಲೂ ಹೀಗೇ ಇತ್ತಾ?"

ನಾನು ಬಾಯಿ ತೆರೆದೆ. ಅಪ್ಪನೂ ತೆರೆದ. ನಮ್ಮಿಬ್ಬರಿಗಿಂತ ಮೊದಲು ಕವನಳೇ ಮಾತಾಡಿದಳು.

"ಹೀಗೇ ಇತ್ತು ಸಾರ್. ನಾನೇ ಗಾಬರಿಯಲ್ಲಿ ಬ್ರೇಕ್ ಹಿಡಿದುಬಿಟ್ಟೆ. ಆವತ್ತು ಸುಳ್ಳು ಹೇಳಿದ್ದೆ."

"ಕವ್ನಾ!" ಎಂದೆ ನಾನು. ಅವಳು ತನ್ನ ಸರಿಯಿದ್ದ ಕೈಯಿಂದ ನನ್ನ ತೋಳನ್ನು ಹಿಡಿದಳು. ನೋವಾಗುವಷ್ಟು ಬಿಗಿಯಾಗಿ ಹಿಡಿದಳು. "ಅಕ್ಕ, ಬೇಡ."

ಸಾರ್ ನಿಟ್ಟುಸಿರು ಬಿಟ್ಟರು. ಮೋನಿಕಾಗೆ ಇನ್ನೊಂದು ಆಪರೇಷನ್ ಇದೆ, ಒಂದು ಸಲ ಹೋಗಿ ಕ್ಷಮೆ ಕೇಳಿ ಬಾ ಎಂದರು. ಕವನ "ಹೂಂ ಸಾರ್" ಎಂದಳು. ಸೈಕಲ್ ಸ್ಟ್ಯಾಂಡಿನ ಮೇಲೆಯೇ ಉಳಿಯಿತು. ಇನ್ನು ಅದು ಬೇರೆ ಯಾರದ್ದೋ.

ಬಸ್ ಸ್ಟ್ಯಾಂಡಿನಲ್ಲಿ ಭದ್ರಾವತಿ ಬಸ್ಸು ಸಿಕ್ಕಿತು. ಮೂವರ ಸೀಟಿನಲ್ಲಿ ಕವನ ಕಿಟಕಿಯ ಪಕ್ಕ ಕೂತಳು, ಅಪ್ಪ ನಡುವೆ, ನಾನು ಈಚೆ. ನನಗೆ ಇಬ್ಬರ ಮೇಲೂ ಕೆಂಡದಂಥ ಸಿಟ್ಟು. ಊರು ದಾಟಿದ ಮೇಲೆ ಅಪ್ಪನೇ, ಕೇಳಿಯೂ ಕೇಳಿಸದ ಹಾಗೆ, "ಯಾಕಮ್ಮಾ ಹಂಗಂದೆ?" ಎಂದ.

ಕವನ ಕಿಟಕಿಯಿಂದ ಮುಖ ತಿರುಗಿಸಿದಳು. ಅವಳ ದನಿಯಲ್ಲಿ ಆಗಲೂ ಕೋಪವಿರಲಿಲ್ಲ.

"ಸಾರ್ ನಿನ್ನನ್ನೇ ಕೇಳಿದ್ರಲ್ಲಪ್ಪ, ಹೀಗೇ ಇತ್ತಾ ಅಂತ. ನೀನು ಹೂಂ ಅಂತೀಯ ಅಂತ ಗೊತ್ತಾಗಿಹೋಯ್ತು. ಅದನ್ನ ನಿನ್ನ ಬಾಯಿಂದ ಕೇಳೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ. ಅದಕ್ಕೇ ನಾನೇ ಹೇಳ್ಬಿಟ್ಟೆ."

ಅಪ್ಪ ಸ್ವಲ್ಪ ಹೊತ್ತಿಗೆ ಎದ್ದು, ನನ್ನ ಮೊಣಕಾಲು ದಾಟಿಕೊಂಡು ಹೋಗಿ ಕೊನೆಯ ಸೀಟಿನಲ್ಲಿ ಒಬ್ಬನೇ ಕೂತ. ನ್ಯೂ ಟೌನ್ ಬಂತು. ಕವನ ಇಳಿದಳು, ನಾನೂ ಮೆಟ್ಟಿಲವರೆಗೆ ಬಂದು ಹಿಂದೆ ನೋಡಿದೆ. ಅಪ್ಪ ಏಳುವ ಲಕ್ಷಣವೇ ಇರಲಿಲ್ಲ. ಕಂಡಕ್ಟರ್ ಎರಡು ಸಲ ಕೂಗಿದ. ನಾನೇ ವಾಪಸ್ ಹೋಗಿ, ಕೈ ಹಿಡಿದು ಎಬ್ಬಿಸಿ ಇಳಿಸಿಕೊಳ್ಳಬೇಕಾಯಿತು.