ಟೆರೇಸಿನ ಕುಂಬಳಬಳ್ಳಿ

ರಶ್ಮಿ ಕಾಯಿಯನ್ನು ಮುಟ್ಟಿದ್ದಳಷ್ಟೆ, ಎಳೆದಿರಲಿಲ್ಲ. ಅದು ತೊಟ್ಟಿನ ಸಮೇತ ಕಳಚಿ ಅವಳ ಅಂಗೈಗೆ ಬಂತು. ನಿನ್ನೆಯವರೆಗೂ ಕಿತ್ತಳೆ ಹಣ್ಣಿನಷ್ಟು ದಪ್ಪಗೆ, ಗಟ್ಟಿಯಾಗಿದ್ದ ಎಳೆ ಕುಂಬಳಕಾಯಿ ಈಗ ಒಂದು ಮಗ್ಗುಲು ಹಳದಿಯಾಗಿ ಮೆತ್ತಗಾಗಿತ್ತು. ಕೂಕಟ್‌ಪಲ್ಲಿಯ ಆ ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಅವಳು ಹಾಗೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

ಬಳ್ಳಿಗೆ ಅವಳು ಏನೂ ಕಡಿಮೆ ಮಾಡಿರಲಿಲ್ಲ. ಎಲೆಯನ್ನು ಜರಡಿ ಮಾಡುವ ಕೆಂಪು ದುಂಬಿಗಳನ್ನು, ಬೆಳಗಿನ ತಂಪಿಗೆ ಅವು ಮಂಕಾಗಿರುವಾಗಲೇ ಒಂದೊಂದಾಗಿ ಹಿಡಿದು ಸೋಪಿನ ನೀರಿಗೆ ಹಾಕಿದ್ದಳು. ಬೇವಿನ ಎಣ್ಣೆ ಸಿಂಪಡಿಸಿದ್ದಳು. ಇಸ್ತ್ರಿ ಅಂಗಡಿಯವನನ್ನು ತನ್ನ ಹರಕುಮುರುಕು ತೆಲುಗಿನಲ್ಲಿ ಕೇಳಿ ಇದ್ದಿಲ ಬೂದಿ ತಂದು, ಸೋಸಿ ಎಲೆಗಳಿಗೆ ಉದುರಿಸಿದ್ದಳು. ಟೆರೇಸನ್ನು ಕಾಡು ಮಾಡಬೇಡಿ ಎಂದು ಅಪಾರ್ಟ್‌ಮೆಂಟಿನ ಸೆಕ್ರೆಟರಿ ಹೇಳಲು ಬಂದಾಗ, ಯಾರ ಎದುರೂ ದನಿಯೆತ್ತದ ಈ ಹುಡುಗಿ ಜಗಳಕ್ಕೇ ನಿಂತಿದ್ದಳು. ದುಂಬಿ ಹೋದವು, ಎಲೆಗಳು ಮೊರದಗಲವಾದವು, ಹೂ ಬಿಟ್ಟವು. ಕಾಯಿ ಮಾತ್ರ ನಿಲ್ಲಲಿಲ್ಲ. ಕಚ್ಚಿದ್ದೆಲ್ಲ ಹೀಗೇ ಅಂಗೈಗೆ ಬರುತ್ತಿತ್ತು.

"ಬಿಡ ಅತ್ಲಾಗ, ರೈತು ಬಜಾರದಾಗ ಬೇಕಾದಷ್ಟು ಸಿಗತೈತಿ, ತರ್ತೀನಿ" ಎಂದಿದ್ದ ಗಂಡ ಕಲ್ಲೇಶ. ಒಳ್ಳೆಯವನೇ. ಆದರೆ ಹೆಂಡತಿ ಬಡಿದಾಡುತ್ತಿರುವುದು ಪಲ್ಯದ ಕಾಯಿಗಲ್ಲ ಎಂಬುದು ಅವನ ತಲೆಗೆ ಹೋಗಲಿಲ್ಲ.

ಈ ಬಳ್ಳಿಯನ್ನು ಯಾರೂ ನೆಟ್ಟಿರಲಿಲ್ಲ. ಸಂಕ್ರಾಂತಿಯ ಹಿಂದಿನ ದಿನ, ಏಳು ತಿಂಗಳ ಬಸುರಿ ರಶ್ಮಿ ಒಂದು ಇಡೀ ಕುಂಬಳಕಾಯಿ ಹೆಚ್ಚಿದ್ದಳು. ಇಡೀ ಕಾಯಿಗೆ ಮೊದಲ ಚಾಕು ಹಾಕುವುದು ಗಂಡಸಿನ ಕೆಲಸ, ಹೆಂಗಸರು ಒಡೆಯಬಾರದು, ಬಸುರಿಯಂತೂ ಮುಟ್ಟಲೇಬಾರದು ಎಂಬುದು ಅವಳಿಗೂ ಗೊತ್ತಿತ್ತು. ಕಲ್ಲೇಶ ಡ್ಯೂಟಿಯಲ್ಲಿದ್ದ. ಸೊಸೆಯ ಆರೈಕೆಗೆಂದು ಮುದ್ದೇಬಿಹಾಳದಿಂದ ಬಂದಿದ್ದ ಅತ್ತೆ ಶರಣಬಸಮ್ಮ ಗುಡಿಗೆ ಹೋಗಿದ್ದರು. ಇಷ್ಟಕ್ಕೆಲ್ಲ ಕಾಯುತ್ತ ಕೂತರೆ ಅಡುಗೆ ಆಗುವುದು ಯಾವಾಗ ಎಂದು ತಾನೇ ಹೆಚ್ಚಿ, ಬೀಜವನ್ನು ಟೆರೇಸಿನ ಗೊಬ್ಬರದ ಡ್ರಮ್ಮಿಗೆ ಸುರಿದಿದ್ದಳು. ಮುಂದಿನ ವಾರ ಕೂಸು ಹೊಟ್ಟೆಯೊಳಗೇ ಅಲುಗಾಡುವುದನ್ನು ನಿಲ್ಲಿಸಿತು. ಕಾರಣ ತಿಳಿಯಲಿಲ್ಲ ಎಂದರು ಡಾಕ್ಟರು. ಡಾಕ್ಟರಿಗೆ ತಿಳಿಯದ್ದು ಶರಣಬಸಮ್ಮನಿಗೆ ಆಸ್ಪತ್ರೆಯ ಬೆಂಚಿನ ಮೇಲೇ ತಿಳಿದುಹೋಯಿತು. "ಕುಂಬಳಕಾಯಿ ಒಡದಿಯಲ್ಲ, ಇನ್ನೇನಾಗಬೇಕು" ಎಂದುಬಿಟ್ಟರು. ಒಂದೇ ಸಲ. ಮತ್ತೆಂದೂ ಆ ಮಾತು ಎತ್ತಲಿಲ್ಲ. ಆದರೆ ಆ ಒಂದು ಸಲದ್ದೇ ರಶ್ಮಿಯ ಎದೆಯಲ್ಲಿ ಮುಳ್ಳಾಗಿ ಕೂತಿತು.

ಅಂದಿನಿಂದ ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಉಪ್ಪು, ಹಾಲು, ಗ್ಯಾಸು ಎಂದಷ್ಟೇ ಮಾತಾಡಿಕೊಂಡಿದ್ದರು. ಶರಣಬಸಮ್ಮನಿಗೆ ಸೊಸೆಯನ್ನು ಬಿಟ್ಟು ಊರಿಗೆ ಹೋಗಲು ಮನಸ್ಸಿಲ್ಲ, ಎದುರು ಕೂತು ಮಾತಾಡಲು ಬಾಯಿಲ್ಲ. ಮಳೆ ಬಿದ್ದು ಡ್ರಮ್ಮಿನಲ್ಲಿ ಕುಂಬಳದ ಸಸಿ ಎದ್ದಾಗ, ಅದು ಯಾವ ಕಾಯಿಯ ಬೀಜವೆಂದು ಇಬ್ಬರಿಗೂ ಗೊತ್ತಿತ್ತು. ಅತ್ತೆ ಆ ಕಡೆ ತಲೆಹಾಕಲಿಲ್ಲ. ಸೊಸೆ ಅದನ್ನು ಬಿಟ್ಟು ಏಳಲಿಲ್ಲ. ಒಂದೇ ಒಂದು ಕಾಯಿ ನಿಂತು ಬಲಿತರೂ ಸಾಕು, ತನ್ನ ಕೈಯಲ್ಲಿ ದೋಷವಿಲ್ಲ ಎಂದು ನಂಬುತ್ತೇನೆ ಎಂದು ರಶ್ಮಿ ಮನಸ್ಸಿನಲ್ಲೇ ಪಣ ಕಟ್ಟಿಕೊಂಡಿದ್ದಳು.

ಒಣಹಾಕಿದ ಬಟ್ಟೆ ತೆಗೆಯಲು ಮೇಲೆ ಬಂದ ಶರಣಬಸಮ್ಮ, ಟ್ಯಾಂಕಿನ ಹತ್ತಿರ ಸೊಸೆಯ ಬೆನ್ನು ಕಂಡು ನಿಂತರು. ಬೆನ್ನು ಅಲುಗುತ್ತಿತ್ತು.

"ಯಾಕವಾ?"

"ಇದೂ ಹೋತರಿ ಅತ್ತಿ." ರಶ್ಮಿ ತಿರುಗದೆ ಅಂಗೈ ಚಾಚಿದಳು. "ನೀವು ಅಂದದ್ದು ಖರೇನ ಐತಿ. ನನ್ನ ಕೈಯಾಗ ಏನೂ ಉಳಿಯಂಗಿಲ್ಲ."

ಶರಣಬಸಮ್ಮ ಊರಲ್ಲಿ ಹೊಲದ ಬದುವಿಗೆ ಹೀರೆ, ಕುಂಬಳ ಹಬ್ಬಿಸಿ ಬೆಳೆದವರು. ಕಾಯಿ ಇಸಿದುಕೊಂಡು ಬೆಳಕಿಗೆ ಹಿಡಿದು ತಿರುವಿ ನೋಡಿದರು. ಬಟ್ಟೆಯನ್ನು ಹಗ್ಗದ ಮೇಲೇ ಬಿಟ್ಟು, ಕೆಳಗೆ ಹೋಗಿ ಚಾಕು ತಂದರು. ಕಾಯಿಯನ್ನು ನೆಲಕ್ಕಿಟ್ಟು ಕೂತರು.

"ಅತ್ತಿ, ಇಡೀ ಕಾಯಿ ಐತರಿ. ಅವರು ಬರಲಿ."

"ಸುಮ್ನಿರು."

ಚಾಕು ಇಳಿಯಿತು. ಕಾಯಿ ಎರಡು ಹೋಳಾಗಿ ಬಿತ್ತು. ಒಳಗೆ ತಿರುಳೇ ಇರಲಿಲ್ಲ. ಕೊಳೆತ ರಸದಲ್ಲಿ ಅಕ್ಕಿಕಾಳಿನಂಥ ಬಿಳಿ ಹುಳುಗಳು ಗಿಜಿಗುಡುತ್ತಿದ್ದವು. ಒಂದೆರಡು ಚಿಮ್ಮಿ ಹೊರಗೆ ಬಿದ್ದವು.

"ಇಲ್ನೋಡು." ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂಥ ಗುರುತು, ಅದರ ಬಾಯಿಗೆ ಒಣಗಿದ ಅಂಟು. "ನೊಣ ಬಂದು ಚುಚ್ಚಿ ಒಳಗ ತತ್ತಿ ಇಟ್ಟು ಹೋಗತೈತಿ. ಹೊರಗಿಂದ ಏನೂ ಕಾಣಂಗಿಲ್ಲ. ನೀ ಬೂದಿ ಹಾಕಿದ್ರೂ ಅಷ್ಟ, ಕಾಯ್ಕೋಂತ ಕುಂತ್ರೂ ಅಷ್ಟ. ನಿನ್ನ ಕೈಯಿಂದ ಆದದ್ದಲ್ಲ ಇದು."

ರಶ್ಮಿ ಹುಳುಗಳನ್ನು ನೋಡುತ್ತಲೇ ಕೇಳಿದಳು: "ಮತ್ತ ಅವತ್ತು ಹಂಗ್ಯಾಕ ಅಂದ್ರಿ?"

ದೂರದಲ್ಲಿ ಮೆಟ್ರೊ ಹಾದುಹೋದ ಸದ್ದಾಯಿತು. ಶರಣಬಸಮ್ಮ ಹೋಳುಗಳನ್ನೂ ಹುಳುಗಳನ್ನೂ ಬಳಿದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು. ಮಣ್ಣಿಗೆ ಬಿದ್ದರೆ ಇವೇ ಮತ್ತೆ ನೊಣವಾಗಿ ಏಳುತ್ತವೆ, ಬಿಸಿಲಲ್ಲಿ ಬೇಯಲಿ ಎಂದರು. ಆಮೇಲೆ ಎಲೆಗಳನ್ನು ಸರಿಸುತ್ತ ಹೋದರು. ಬಳ್ಳಿಯ ತುದಿಯ ಕಡೆ ಎರಡು ಹೀಚುಗಳಿದ್ದವು. ಅವುಗಳ ಮೂತಿಯ ಹೂ ಬಾಡಿತ್ತು, ಇನ್ನೂ ಉದುರಿರಲಿಲ್ಲ.

"ಇವಕ್ಕ ಇನ್ನೂ ಚುಚ್ಚಿಲ್ಲ. ಇವತ್ತ ಅರಿವಿ ಕಟ್ಟಬೇಕು. ಮೆತ್ತಗಿರಬೇಕು, ಗಾಳಿ ಆಡಬೇಕು."

"ನಂದೊಂದು ಹಳೇ ಓಢಣಿ ಐತ್ರಿ."

"ನೀ ಕುಂದ್ರು. ನಾ ತರ್ತೀನಿ."

ಹೋದವರು ಬೇಗ ಬರಲಿಲ್ಲ. ಕೇಳಬಾರದ್ದನ್ನು ಕೇಳಿದೆ, ಸಿಟ್ಟಾಗಿ ಒಳಗೇ ಕೂತುಬಿಟ್ಟರು ಎಂದುಕೊಂಡಳು ರಶ್ಮಿ. ಕೂರಲಿ, ತಾನು ಇಷ್ಟು ತಿಂಗಳು ಕೂತಿಲ್ಲವೇ ಎಂದೂ ಅನ್ನಿಸಿತು. ಕೊನೆಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಶರಣಬಸಮ್ಮನ ಕೈಯಲ್ಲಿ ಒಂದು ಸಣ್ಣ ಗಂಟಿತ್ತು. ಬಿಚ್ಚಿ ಸೊಸೆಯ ಮಡಿಲಿಗೆ ಹಾಕಿದರು. ಎರಡು ಕುಲಾಯಿಗಳು, ಹಸುಗೂಸಿನ ತಲೆಗೆ ಹಾಕುವಂಥವು. ಅವರದೇ ಹಳೆಯ ಹತ್ತಿ ಸೀರೆಯ ಬಟ್ಟೆ, ಅಂಚಿಗೆ ಕೈಹೊಲಿಗೆ, ಗದ್ದದ ಕೆಳಗೆ ಕಟ್ಟಲು ಲಾಡಿ.

ರಶ್ಮಿ ಒಂದನ್ನು ಕೈಗೆತ್ತಿಕೊಂಡಳು.

"ನಿನಗ ಹಸಿರು ಸೀರಿ ಉಡಿಸಿ ಕುಬಸ ಮಾಡಿದ ಮರುದಿನಾನ ಹೊಲಿಯಾಕ ಕುಂತೆ" ಎಂದರು ಶರಣಬಸಮ್ಮ. "ಹುಟ್ಟೂಕಿಂತ ಮೊದಲ ಕೂಸಿಗೆ ಅರಿವಿ ಹೊಲೀಬಾರದು ಅಂತ ಊರಿಗೆಲ್ಲ ಹೇಳಾಕಿ ನಾನ. ಆಸೆ ತಡೀಲಿಲ್ಲ ನೋಡು. ಅವತ್ತು ದವಾಖಾನ್ಯಾಗ ಈ ಕುಲಾಯೀನ ಕಣ್ಣಿಗೆ ಕಟ್ಟಿದ್ವು. ನನ್ನಿಂದನ ಹಿಂಗಾತು ಅನ್ನಿಸ್ತು. ಹೆದರಿ ನಿನ್ನ ಮ್ಯಾಲ ಹಾಕಿದೆ."

ರಶ್ಮಿಗೆ ಸಿಟ್ಟು ಉಕ್ಕಿತು. ಇದನ್ನು ಟ್ರಂಕಿನಲ್ಲಿ ಬಚ್ಚಿಟ್ಟುಕೊಂಡು ತನ್ನನ್ನು ಇಷ್ಟು ದಿನ ಬೇಯಿಸಿದರಲ್ಲ ಎಂದು ಬಾಯಿಗೆ ಬಂದಂತೆ ಬೈಯಬೇಕೆನ್ನಿಸಿತು. ಆದರೆ ಅಷ್ಟರಲ್ಲಿ ಬೆರಳುಗಳು ಕುಲಾಯಿಯ ಒಳಗೆ ಹೋಗಿದ್ದವು. ಹೊಲಿಗೆ ಒತ್ತಬಾರದೆಂದು ಒಳಗಡೆ ಇನ್ನೊಂದು ಪದರ ಕೊಟ್ಟಿದ್ದರು. ಅವಳು ಜೋರಾಗಿ ಅತ್ತಳು. ಆಸ್ಪತ್ರೆಯಲ್ಲೂ ಹಾಗೆ ಅತ್ತಿರಲಿಲ್ಲ. ಶರಣಬಸಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತು, ತಾವೂ ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ಇವನ್ನ ಹೀಚಿಗ್ಯಾಕ ಕಟ್ಟೂದ್ರಿ" ಎಂದಳು ರಶ್ಮಿ ಎಷ್ಟೋ ಹೊತ್ತಿನ ಮೇಲೆ. "ಇಟ್ಕೋರಿ. ಮುಂದ ಬೇಕಾದ್ರ..."

"ಇವು ಆ ಕೂಸಿಗಂತ ಹೊಲಿದದ್ದು. ಇನ್ನೊಂದಕ್ಕ ಬ್ಯಾರೆ ಹೊಲೀತೀನಿ. ಹುಟ್ಟಿದ ಮ್ಯಾಲ."

ರಶ್ಮಿ ಎದ್ದು ಬಳ್ಳಿಯ ತುದಿಗೆ ಹೋದಳು. ಒಂದು ಕುಲಾಯಿಯನ್ನು ಹೀಚಿಗೆ ತೊಡಿಸಿದಳು. ಹೀಚು ಸಣ್ಣದು, ಕುಲಾಯಿ ದೊಡ್ಡದು. ನೊಣ ನುಸುಳದ ಹಾಗೆ ಬಟ್ಟೆಯ ಬಾಯನ್ನು ತೊಟ್ಟಿನ ಸುತ್ತ ನೆರಿಗೆ ಹಿಡಿದು, ಲಾಡಿ ಜಗ್ಗಿ ಗಂಟು ಹಾಕಿದಳು.

"ಅಷ್ಟು ಬಿಗಿ ಬ್ಯಾಡವಾ. ಅದು ಬೆಳೀಬೇಕು."

ರಶ್ಮಿಯ ಕೈ ನಿಂತಿತು. ಆಮೇಲೆ ಗಂಟು ಬಿಚ್ಚಿ, ಸಡಿಲ ಮಾಡಿ, ಮತ್ತೆ ಕಟ್ಟಿದಳು. ಶರಣಬಸಮ್ಮ ಬಗ್ಗಿ, ಲಾಡಿಗೂ ತೊಟ್ಟಿಗೂ ನಡುವೆ ಕಿರುಬೆರಳು ತೂರಿಸಿ, ಜಾಗವಿದೆಯೇ ಎಂದು ನೋಡಿದರು.